ಬೆಳ್ಳಿ ರೂಪಾಯಿಯ ಮೇಲಣ ಚುಕ್ಕೆ

ಕಳೆದ ಆಷಾಢದ ಒಂದು ಸಂಜೆ. ಸೋಮವಾರಪೇಟೆಯಲ್ಲಿ ಮಳೆ ಹಿಡಿದು ಮೂರು ದಿನಗಳಾಗಿದ್ದವು. ನೆರೆಮನೆಯ ಹಿರಿಯರೊಬ್ಬರು ಕೊಡೆ ಮಡಚಿಟ್ಟು ನಮ್ಮ ಜಗಲಿಯಲ್ಲಿ ಕುಳಿತು, ಕರವಸ್ತ್ರದ ಗಂಟು ಬಿಚ್ಚಿ ಒಂದು ಬೆಳ್ಳಿ ರೂಪಾಯಿಯನ್ನು ನಮ್ಮ ಅಂಗೈಯಲ್ಲಿಟ್ಟರು. ಐದನೆಯ ಜಾರ್ಜ್ ದೊರೆಯ ಮುಖವಿದ್ದ 1919ರ ನಾಣ್ಯ. ಅವರ ತಾಯಿಗೆ ಮದುವೆಯಲ್ಲಿ ತವರಿನವರು ಕೊಟ್ಟದ್ದಂತೆ.

“ಮೇಷ್ಟ್ರೇ, ಇದರಲ್ಲಿ ಚುಕ್ಕೆ ಇದ್ದರೆ ಹತ್ತು ಲಕ್ಷ ಕೊಡುತ್ತೇವೆಂದು ಮೊಬೈಲಿಗೆ ಸಂದೇಶ ಬಂದಿದೆ. ಮೊದಲು ತೆರಿಗೆಯೆಂದು ಹದಿನೈದು ಸಾವಿರ ಕಟ್ಟಬೇಕಂತೆ. ಚುಕ್ಕೆ ಇದೆಯೋ ಇಲ್ಲವೋ ನೋಡಿ ಹೇಳಿ” ಎಂದರು. ಮನೆಯ ಹೆಂಚು ಬದಲಿಸಲೆಂದು ತೆಗೆದಿಟ್ಟ ಹಣ ಅವರಲ್ಲಿತ್ತು.

ಚುಕ್ಕೆಯ ಮಾತು ಸುಳ್ಳಲ್ಲ. ನಾಣ್ಯವು ಯಾವ ಟಂಕಸಾಲೆಯಲ್ಲಿ ಅಚ್ಚಾಯಿತೆಂಬುದನ್ನು ತಿಳಿಸುವ ಗುರುತು ಅದು. ಆ ದೊರೆಯ ರೂಪಾಯಿಯ ಹಿಂಬದಿಯಲ್ಲಿ ಹೂಬಳ್ಳಿಯ ಆವರಣವಿದ್ದು, ಅದರ ತಳದಲ್ಲಿ ತಾವರೆಯ ಹೂವಿದೆ. ಹೂವಿನ ಕೆಳಗೆ ಉಬ್ಬಿದ ಸಣ್ಣ ಚುಕ್ಕೆಯಿದ್ದರೆ ಅದು ಮುಂಬಯಿಯದು, ಇಲ್ಲದಿದ್ದರೆ ಕಲ್ಕತ್ತೆಯದು. ಸ್ವಾತಂತ್ರ್ಯಾನಂತರವೂ ಈ ಪದ್ಧತಿ ಮುಂದುವರಿದಿದೆ. ಇಂದಿನ ನಾಣ್ಯಗಳಲ್ಲಿ ಇಸವಿಯ ಕೆಳಗೆ ವಜ್ರಾಕೃತಿಯಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದು, ದುಂಡು ಚುಕ್ಕೆಯಿದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ. 1985ರ ಕೆಲವು ಒಂದು ರೂಪಾಯಿ ನಾಣ್ಯಗಳಲ್ಲಿ ‘ಎಚ್’ ಎಂಬ ಇಂಗ್ಲಿಷ್ ಅಕ್ಷರವಿದೆ. ಅವು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯಿಂದ ಬಂದವು.

ಆದರೆ ನೂರು ವರ್ಷ ಕೈಯಿಂದ ಕೈಗೆ ಸವೆದ ನಾಣ್ಯದಲ್ಲಿ ಚುಕ್ಕೆ ಯಾವುದು, ಕೊಳೆ ಯಾವುದು? ಬರಿಗಣ್ಣಿಗೆ ತಿಳಿಯದು. ಛಾಯಾಚಿತ್ರ ಇಲ್ಲಿ ನೆರವಿಗೆ ಬರುತ್ತದೆ. ದೊಡ್ಡ ಕ್ಯಾಮೆರಾ ಬೇಕಿಲ್ಲ, ಮನೆಯ ಮೊಬೈಲೇ ಸಾಕು. ನಾಣ್ಯವನ್ನು ಬಿಳಿಯ ಕಾಗದದ ಮೇಲಿಡಿ. ಎರಡು ಬದಿ ಪುಸ್ತಕಗಳನ್ನು ಪೇರಿಸಿ, ಅವುಗಳ ಮೇಲೆ ಮೊಬೈಲನ್ನು ಸೇತುವೆಯಂತೆ ಅಡ್ಡಲಾಗಿರಿಸಿ. ಕೈ ನಡುಗಿದರೆ ಚಿತ್ರ ಕೆಡುತ್ತದೆ. ಮಸೂರದ ಮುಂದೆ ಭೂತಗನ್ನಡಿ ಹಿಡಿದರೆ ಗುರುತು ದೊಡ್ಡದಾಗಿ ಕಾಣುತ್ತದೆ. ಮೊಬೈಲಿನ ಫ್ಲ್ಯಾಶ್ ಬೇಡ. ಬೆಳ್ಳಿ ಥಳಥಳಿಸಿ ಎಲ್ಲವೂ ಮುಚ್ಚಿಹೋಗುತ್ತದೆ.

ಮೊದಲ ಚಿತ್ರವನ್ನು ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ. ನಮ್ಮ ಕೊಡಗಿನ ಮಳೆಗಾಲದ ಮೋಡದ ಬೆಳಕು ಇದಕ್ಕೆ ಬಹಳ ಹಿತವಾದದ್ದು. ಬಳಿಕ ಕೋಣೆಯನ್ನು ಕತ್ತಲೆ ಮಾಡಿ, ಒಂದು ಟಾರ್ಚನ್ನು ಮೇಜಿನ ಮಟ್ಟಕ್ಕೆ ಹಿಡಿದು, ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ಓರೆಯಾಗಿ ಬೆಳಕು ಬಿಟ್ಟು ಎರಡು ಚಿತ್ರ ತೆಗೆಯಿರಿ. ಎಡದಿಂದ ಬೆಳಕು ಬಿದ್ದಾಗ ಉಬ್ಬಿದ ಚುಕ್ಕೆಯ ಎಡಭಾಗ ಬೆಳಗಿ, ಬಲಕ್ಕೆ ನೆರಳು ಬೀಳುತ್ತದೆ. ಗುಳಿಯಾದರೆ ಇದಕ್ಕೆ ವಿರುದ್ಧ. ಬರಿಯ ಕಲೆಯಾದರೆ ಬೆಳಕು ಯಾವ ಕಡೆಯಿಂದ ಬಂದರೂ ಹಾಗೆಯೇ ಇರುತ್ತದೆ. ಆಮೇಲೆ ಇಸವಿಯನ್ನೂ ನೋಡಬೇಕು. ನೋಯ್ಡಾದ ಟಂಕಸಾಲೆ ಹುಟ್ಟಿದ್ದೇ 1980ರ ದಶಕದಲ್ಲಿ. 1970ರ ನಾಣ್ಯದಲ್ಲಿ ದುಂಡು ಚುಕ್ಕೆ ಕಂಡರೆ ಅದು ನೋಯ್ಡಾದ್ದಾಗಿರಲಾರದು. ಸವೆದ ನಕ್ಷತ್ರವೋ ವಜ್ರವೋ ಆಗಿರಬಹುದು.

ಇಲ್ಲಿ ನಮ್ಮದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ನಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿಯೂ ಇಂಥ ಐದು ರೂಪಾಯಿಗಳಿದ್ದವು. ಪ್ರತಿ ದೀಪಾವಳಿಗೆ ಲಕ್ಷ್ಮೀಪೂಜೆಗೆಂದು ಅವನ್ನು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ ಹೊಳೆಯಿಸುವುದು ಚಿಕ್ಕಂದಿನಿಂದಲೂ ನಮ್ಮ ಕೆಲಸ. ಹೊಳಪು ಹೆಚ್ಚಿದಷ್ಟೂ ಅಜ್ಜಿಗೆ ಸಂತೋಷ. ಆ ಸಂಜೆ ಹಿರಿಯರ ನಾಣ್ಯದೊಡನೆ ನಮ್ಮವನ್ನೂ ಇಟ್ಟು ಚಿತ್ರ ತೆಗೆದೆವು. ಅವರ ನಾಣ್ಯ ಕಪ್ಪಾಗಿತ್ತು, ಆದರೆ ತಾವರೆಯ ಕೆಳಗೆ ಚುಕ್ಕೆ ನೆರಳು ಸಹಿತ ನಿಂತಿತ್ತು. ನಮ್ಮವು ಕನ್ನಡಿಯಂತಿದ್ದವು, ಹೂವೂ ಇಲ್ಲ, ಚುಕ್ಕೆಯೂ ಇಲ್ಲ. ಅವು ಕಲ್ಕತ್ತೆಯವೋ, ಮುಂಬಯಿಯ ಚುಕ್ಕೆಯನ್ನು ನಾವೇ ತಿಕ್ಕಿ ಅಳಿಸಿದೆವೋ, ಇನ್ನು ಯಾರೂ ಹೇಳಲಾರರು. ಆದ್ದರಿಂದ ಹಳೆಯ ನಾಣ್ಯವನ್ನು ತಿಕ್ಕಬೇಡಿ. ಅಂಚು ಹಿಡಿದು ಎತ್ತಿ, ಒಣಗಿದ ಮೆತ್ತನೆಯ ಬಟ್ಟೆಯ ಮೇಲಿಟ್ಟು, ತೇವ ತಾಗದಂತೆ ಬೇರೆಬೇರೆ ಕಾಗದದ ಲಕೋಟೆಗಳಲ್ಲಿಡಿ.

ಹಿರಿಯರಿಗೆ ನಾವು ಹೇಳಿದ್ದಿಷ್ಟು: “ಚುಕ್ಕೆ ಇದೆ, ನಾಣ್ಯ ಮುಂಬಯಿಯದು. ಆದರೆ ಆ ವರ್ಷದ ಮುಂಬಯಿ ರೂಪಾಯಿ ಅಪರೂಪವಲ್ಲ. ಇದರ ತೂಕ 11.66 ಗ್ರಾಮು, ಅದರಲ್ಲಿ ಶೇಕಡಾ 91ಕ್ಕೂ ಮಿಗಿಲಾಗಿ ಬೆಳ್ಳಿ. ಬೆಲೆ ಬಹುಪಾಲು ಆ ಬೆಳ್ಳಿಯದೇ. ಕೊಳ್ಳುವವನು ನಿಮಗೆ ಹಣ ಕೊಡಬೇಕೇ ಹೊರತು ನೀವು ಅವನಿಗೆ ಕೊಡುವುದೆಲ್ಲಿಯ ನ್ಯಾಯ?” ಹಳೆಯ ನಾಣ್ಯ ಕೊಳ್ಳುವ ನೆಪದಲ್ಲಿ ತನ್ನ ಹೆಸರು ಹೇಳಿ ಶುಲ್ಕ, ತೆರಿಗೆ ಕೇಳುವ ವಂಚಕರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿದೆ. ಈ ಮಾತನ್ನು ನಮ್ಮ ವಾಚಕರು ಮನೆಯ ಹಿರಿಯರಿಗೆಲ್ಲ ತಿಳಿಸಬೇಕೆಂದು ಕೋರುತ್ತೇವೆ.

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಹತ್ತು ಲಕ್ಷದ ಕನಸು ಕರಗುವುದು ಸುಲಭವಲ್ಲ. ಬಳಿಕ ಒಂದು ಲಕೋಟೆ ಕೇಳಿ ಪಡೆದು, ಅದರ ಮೇಲೆ ‘1919, ಮುಂಬಯಿ’ ಎಂದು ನಮ್ಮಿಂದ ಬರೆಯಿಸಿದರು. ಅದರ ಕೆಳಗೆ ತಾವೇ ಲೇಖನಿ ತೆಗೆದುಕೊಂಡು ತಾಯಿಯ ಹೆಸರನ್ನೂ ಆಕೆಯ ತವರೂರನ್ನೂ ಬರೆದರು. ಮುಂದಿನ ವಾರ ಅವರ ಮನೆಯ ಮಾಡಿಗೆ ಹೊಸ ಹೆಂಚು ಏರಿತು.