ಮುದಗಲ್ಲಿನಿಂದ ಮಾನ್ವಿಯವರೆಗೆ: ಸಮಾಧಿ ಭೂಮಿಗೆ ದಾಖಲೆ ಬೇಕು

ನವೆಂಬರ್ 2ರ ಸಕಲ ಮೃತರ ಸ್ಮರಣೆಯಂದು ಕರಾವಳಿಯ ಚರ್ಚ್‌ಗಳ ಸಿಮಿತ್ರಿಗಳು ಹೂವು, ಮೇಣದಬತ್ತಿಗಳಿಂದ ತುಂಬುತ್ತವೆ. ಸತ್ತವರಿಗೆ ಜಾಗವೆಲ್ಲಿ ಎಂಬ ಚಿಂತೆ ನಮ್ಮಲ್ಲಿ ಹೆಚ್ಚಿನವರನ್ನು ಕಾಡಿಲ್ಲ. ಆದರೆ 2025ರ ಜನವರಿಯಲ್ಲಿ ಛತ್ತೀಸ್‌ಗಢದ ಬಸ್ತರ್ ಪ್ರದೇಶದ ಕ್ರೈಸ್ತ ಬೋಧಕರೊಬ್ಬರ ಪಾರ್ಥಿವ ಶರೀರ ಸುಮಾರು ಮೂರು ವಾರ ಶವಾಗಾರದಲ್ಲೇ ಉಳಿಯಿತು. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಸ್ವಂತ ಜಮೀನಿನಲ್ಲಿ ಹೂಳಬಹುದೆಂದು ಒಬ್ಬರು, ಗೊತ್ತುಪಡಿಸಿದ ಸ್ಮಶಾನದಲ್ಲೇ ಆಗಬೇಕೆಂದು ಇನ್ನೊಬ್ಬರು. ಕೊನೆಗೆ 20 ಕಿಲೋಮೀಟರಿಗೂ ದೂರದ ಕ್ರೈಸ್ತ ಸ್ಮಶಾನದಲ್ಲಿ ಹೂಳಲು ಆದೇಶವಾಯಿತು.

'ಗೊತ್ತುಪಡಿಸಿದ' ಎಂಬ ಒಂದು ಪದದ ಬೆಲೆ ಇಷ್ಟು. ಈ ಹಿನ್ನೆಲೆಯಲ್ಲಿ ರಾಯಚೂರು ಜಿಲ್ಲೆಯತ್ತ ನೋಡಬೇಕು.

ಕೃಷ್ಣಾ ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿಗೆ ಕ್ರೈಸ್ತರು ಹೊಸಬರಲ್ಲ. ಮುದಗಲ್ಲಿನ ಚರ್ಚ್ 1557ಕ್ಕೂ ಹಿಂದಿನದೆಂಬ ಮಾತಿದೆ. 1871ರಲ್ಲಿ ಮುಂಬಯಿ ಮತ್ತು ಮದ್ರಾಸ್ ಕಡೆಯ ರೈಲುಮಾರ್ಗಗಳು ರಾಯಚೂರಿನಲ್ಲಿ ಕೂಡಿದವು. ಆ ಶತಮಾನದ ಕೊನೆಗೆ ಅಮೆರಿಕನ್ ಮೆಥಡಿಸ್ಟ್ ಮಿಷನ್ ಕೂಡ ಇಲ್ಲಿತ್ತು. ಬದುಕಿದವರು ಊರು ಬದಲಿಸಿರಬಹುದು. ಸತ್ತವರು ಇಲ್ಲೇ ಉಳಿದರು. ಆರಂಭದ ನಿವಾಸಿಗಳ ಸಮಾಧಿಯೇ ಒಂದು ಸಮುದಾಯ ಇಲ್ಲಿ ಬೇರೂರಿದ್ದಕ್ಕೆ ಸಾಕ್ಷಿ.

ಆದರೆ ಸರ್ಕಾರ ಕೇಳುವುದು ಕಾಗದದ ಸಾಕ್ಷಿಯನ್ನು. ರಾಯಚೂರು ನಿಜಾಮರಿಂದ 1853ರಲ್ಲಿ ಬ್ರಿಟಿಷರ ವಶಕ್ಕೆ, 1860ರಲ್ಲಿ ಮರಳಿ ನಿಜಾಮರಿಗೆ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ನಿಜಾಮರ ಕಾಲದ ಕಂದಾಯ ಕಡತಗಳು ಉರ್ದುವಿನಲ್ಲಿವೆ. ಕೈಬದಲಾದಾಗಲೆಲ್ಲ ಹಳೆಯ ಅನುಭೋಗ ಹೊಸ ಪಹಣಿಗೆ ಏರದೆ ಉಳಿಯುವ ಅಪಾಯವಿರುತ್ತದೆ.

ಮಾನ್ವಿ, ದೇವದುರ್ಗದ ಹಳ್ಳಿಗಳ ಸ್ಥಿತಿ ಬೇರೆ. ಮಾನ್ವಿಯಲ್ಲಿ ಯೇಸುಸಭೆಯವರ ಲೊಯೋಲ ಶಿಕ್ಷಣ ಸಂಸ್ಥೆಗಳಿವೆ. ಶಾಲೆ ಬಂದರೆ ಊರಿಗೆ ಗೊತ್ತಾಗುತ್ತದೆ. ನಾಲ್ಕಾರು ಬಡ ಕ್ರೈಸ್ತ ಕುಟುಂಬಗಳಿರುವ ಹಳ್ಳಿಯಲ್ಲಿ ಸಮಾಧಿಗೆ ಜಾಗವಿಲ್ಲದಿದ್ದರೆ ಅದು ಸಾವಾದ ದಿನವೇ ಗೊತ್ತಾಗುವುದು. 1950ರ ರಾಷ್ಟ್ರಪತಿ ಆದೇಶದಂತೆ ಕ್ರೈಸ್ತರಾದ ದಲಿತರು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗೆ. ಹಾಗಾಗಿ ಪರಿಶಿಷ್ಟರ ಸ್ಮಶಾನದಲ್ಲೂ ಅವರ ಹಕ್ಕು ಪ್ರಶ್ನೆಗೆ ಒಳಗಾಗಬಹುದು.

ಗ್ರಾಮಗಳಿಗೆ ಸ್ಮಶಾನ ಭೂಮಿ ಒದಗಿಸಬೇಕೆಂದು ಕರ್ನಾಟಕ ಹೈಕೋರ್ಟ್ 2019ರಲ್ಲೇ ಆದೇಶಿಸಿತ್ತು. ಅದು ಪಾಲನೆಯಾಗಿಲ್ಲವೆಂದು ನ್ಯಾಯಾಂಗ ನಿಂದನೆಯ ಅರ್ಜಿಯೂ ಬಂತು. ಆದ್ದರಿಂದ ಆದೇಶವನ್ನೇ ನಂಬಿ ಕೂರುವಂತಿಲ್ಲ. ಹಳೆಯ ಸಿಮಿತ್ರಿಗಳ ಸರ್ವೆ ಮಾಡಿಸಿ, ಗಡಿ ಗುರುತಿಸಿ, ಪಹಣಿಯಲ್ಲಿ ಸ್ಮಶಾನವೆಂದು ನಮೂದಾಗುವಂತೆ ನೋಡಿಕೊಳ್ಳಬೇಕು. ಚರ್ಚಿನ ಮರಣ ದಾಖಲೆ ಪುಸ್ತಕಗಳ ಪ್ರತಿ ತೆಗೆದಿಡಬೇಕು. ಜಾಗವಿಲ್ಲದ ಹಳ್ಳಿಗಳವರು ತಹಶೀಲ್ದಾರರಿಗೆ ಈಗಲೇ ಅರ್ಜಿ ಕೊಡಬೇಕು.

ಮನೆಯಲ್ಲಿ ಶವ ಇಟ್ಟುಕೊಂಡು ಅರ್ಜಿ ಬರೆಯುವ ಕಷ್ಟ ಯಾರಿಗೂ ಬಾರದಿರಲಿ.