ಹಿರಿಯರ ಹಾಡು, ಹೊಸಬರ ಲಯ

ಹಳೆಯ ಹಾಡಿಗೆ ಗಿಟಾರ್, ಡ್ರಮ್ಸ್ ಸೇರಿಸಿದರೆ ನಮ್ಮ ಕೊಡಗಿನಲ್ಲಿ ಎರಡು ಮಾತು ಕೇಳಿಬರುತ್ತವೆ. ಮೂಲ ಕೆಟ್ಟುಹೋಯಿತು ಎಂದು ಕೆಲವರು, ಕಾಲಕ್ಕೆ ತಕ್ಕಂತೆ ಬದಲಾಗಲೇಬೇಕಲ್ಲ ಎಂದು ಇನ್ನು ಕೆಲವರು. ಬದಲಾಯಿಸಿದವರಿಗೆ ಆ ಹಾಡಿನ ಒಳಲಯ ಗೊತ್ತಿತ್ತೇ ಎಂದು ಮಾತ್ರ ಇಬ್ಬರೂ ಕೇಳುವುದಿಲ್ಲ. ಹಿರಿಯರ ಸಂಗೀತವನ್ನು ಮುಟ್ಟುವ ಹಕ್ಕು ಹುಟ್ಟುವುದೇ ಆ ತಿಳಿವಿನಿಂದ ಎಂದು ನಾನು ನಂಬಿದ್ದೇನೆ.

ಲ್ಯಾಟಿನ್ ಜಾಝ್ ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕ್ಯೂಬಾದ ಸಂಗೀತ ನಿಂತಿರುವುದು ಕ್ಲಾವೆ ಎಂಬ ಲಯದ ಮೇಲೆ. ಎರಡು ಮರದ ಕೋಲುಗಳನ್ನು ಒಂದಕ್ಕೊಂದು ತಟ್ಟಿದರೆ ಆಯಿತು: ಐದೇ ಪೆಟ್ಟು, ಒಂದು ಬದಿಗೆ ಮೂರು, ಇನ್ನೊಂದು ಬದಿಗೆ ಎರಡು. ಮಕ್ಕಳೂ ಕಲಿಯುತ್ತಾರೆ. ಆದರೆ ಹಾಡಿನ ಪ್ರತಿ ಸಾಲೂ ಮೂರರ ಬದಿಗೆ ವಾಲಬೇಕೋ ಎರಡರ ಬದಿಗೋ ಎಂಬುದು ವರ್ಷಗಟ್ಟಲೆ ನುಡಿಸಿದ ಮೇಲೇ ತಿಳಿಯುವಂಥದ್ದು. ತಪ್ಪಿದರೆ ಕುಣಿಯುವವರ ಕಾಲಿಗೇ ಮೊದಲು ಗೊತ್ತಾಗುತ್ತದೆ. ಜೆರಿ ಗೊನ್ಸಾಲೆಸ್ ಮತ್ತು ಅವರ ಫೋರ್ಟ್ ಅಪಾಚೆ ಬ್ಯಾಂಡ್ 1989ರಲ್ಲಿ 'ರುಂಬಾ ಪಾರಾ ಮಂಕ್' ಆಲ್ಬಂ ತಂದಾಗ ಜಾಝ್ ಪಿಯಾನೊ ವಾದಕ ಥೆಲೋನಿಯಸ್ ಮಂಕ್‌ರ ರಚನೆಗಳಿಗೆ ಕಾಂಗಾ ಡ್ರಮ್ ಜೋಡಿಸಿ ಕೈತೊಳೆದುಕೊಳ್ಳಲಿಲ್ಲ. ಮಂಕ್‌ರ ತಡೆತಡೆದು ಬೀಳುವ ಸ್ವರಗಳಿಗೆ ಆಫ್ರೋ-ಕ್ಯೂಬನ್ ತಾಳದಲ್ಲಿ ಒಂದೊಂದಾಗಿ ಜಾಗ ಹುಡುಕಿದರು.

ನಮಗೆ ಇನ್ನೂ ಹತ್ತಿರದವರು ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ. ಕರ್ನಾಟಕ ಮೂಲದ ಮನೆತನ, ಬೆಳೆದದ್ದು ಅಮೆರಿಕದಲ್ಲಿ. ಕದ್ರಿ ಗೋಪಾಲನಾಥರ ಜೊತೆ ಸ್ಯಾಕ್ಸೊಫೋನ್ ನುಡಿಸಿದ 'ಕಿನ್ಸ್‌ಮೆನ್' ಆಲ್ಬಂ 2008ರಲ್ಲಿ ಬಂತು. 2015ರ 'ಬರ್ಡ್ ಕಾಲ್ಸ್'ನಲ್ಲಿ ಅವರು ಹಿರಿಯ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್‌ಗೆ ನಮಿಸಿದರು, ಆದರೆ ಪಾರ್ಕರ್‌ರ ಒಂದು ರಚನೆಯನ್ನೂ ಇದ್ದಂತೆ ನುಡಿಸಲಿಲ್ಲ. 'ಡೋನಾ ಲೀ', 'ಕನ್ಫರ್ಮೇಶನ್' ಮುಂತಾದವುಗಳಿಂದ ಸ್ವರಗಳ ಎಳೆ ತೆಗೆದು ಹೊಸ ರಚನೆಗಳನ್ನೇ ಕಟ್ಟಿದರು. ಆ ಆಲ್ಬಂನಲ್ಲಿ ಟ್ರಂಪೆಟ್ ನುಡಿಸಿದವರು ಆಡಂ ಓಫ್ಯಾರಿಲ್. ಅವರ ಅಜ್ಜ, ಹವಾನಾದ ಚಿಕೋ ಓಫ್ಯಾರಿಲ್ ಬರೆದ 'ಆಫ್ರೋ-ಕ್ಯೂಬನ್ ಜಾಝ್ ಸ್ವೀಟ್' ಅನ್ನು ಮಚೀತೋ ವಾದ್ಯವೃಂದ 1950ರಲ್ಲಿ ಧ್ವನಿಮುದ್ರಿಸಿದಾಗ ಸ್ಯಾಕ್ಸೊಫೋನ್ ಹಿಡಿದು ನಿಂತಿದ್ದವರು ಸ್ವತಃ ಪಾರ್ಕರ್! ನನಗೆ ಇದು ಬರೀ ಕಾಕತಾಳೀಯವಾಗಿ ಕಾಣುವುದಿಲ್ಲ. ಒಳಹೊಕ್ಕು ಕಲಿತವರ ನಡುವೆಯೇ ಸಂಗೀತ ಹೀಗೆ ಕೈಯಿಂದ ಕೈಗೆ ದಾಟುತ್ತದೆ.

ಮೂಲದ ಗುರುತೇ ಸಿಗದಿದ್ದರೆ ಅದೆಂಥ ಗೌರವ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ನಮ್ಮ ಸುಗ್ಗಿಹಬ್ಬ ಹುತ್ತರಿಯಲ್ಲಿದೆ. ದುಡಿ ಎಂಬ ಚರ್ಮವಾದ್ಯ ಹಿಡಿದು ಮನೆಮನೆಗೆ ಬರುವ ಹಾಡುಗಾರರು ಆ ಮನೆಯನ್ನು ಕುರಿತ ಹಾಡಾದ ಮನೆಪಾಟ್ ಹಾಡುವಾಗ ಧಾಟಿ, ನುಡಿಗಟ್ಟು ಹಿಂದಿನವರದ್ದೇ. ಮನೆಯ ಹೆಸರು, ಆ ಒಕ್ಕದ, ಅಂದರೆ ಮನೆತನದ, ಹಿರಿಮೆ ಮಾತ್ರ ಅಂಗಳದಿಂದ ಅಂಗಳಕ್ಕೆ ಬೇರೆ. ಹಾಡು ಕೆಟ್ಟಿತೆಂದು ಯಾರೂ ಹೇಳುವುದಿಲ್ಲ, ಏಕೆಂದರೆ ಎಲ್ಲಿ ಕೈಯಾಡಿಸಬಹುದು, ಎಲ್ಲಿ ಕೂಡದು ಎಂಬುದು ಹಾಡುವವರಿಗೆ ಗೊತ್ತು. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಕೊಡವ ಹಾಡುಗಳ ಸಂಗ್ರಹ 'ಪಟ್ಟೋಲೆ ಪಳಮೆ' ಪ್ರಕಟಿಸಿ ಪದಗಳನ್ನು ಉಳಿಸಿಕೊಟ್ಟರು. ಆ ಋಣ ದೊಡ್ಡದು. ದುಡಿಯ ಪೆಟ್ಟು ಮಾತ್ರ ಪುಸ್ತಕದಲ್ಲಿ ಕೂರುವಂಥದ್ದಲ್ಲ.

ನನ್ನ ತಕರಾರು ಗಿಟಾರಿನ ಮೇಲಲ್ಲ. ದುಡಿಯನ್ನು ಬದಿಗಿಟ್ಟು, ಕೀಬೋರ್ಡಿನ ಸಿದ್ಧತಾಳ ಹಾಕಿ, ಅದಕ್ಕೆ ಹೊಂದಲೆಂದು ಸಾಲುಗಳನ್ನು ಎಳೆದಾಡಿದಾಗ ನೋವಾಗುತ್ತದೆ. ಕೊಡವ ಪಾಟ್‌ಗೆ ಹೊಸ ರೂಪ ಕೊಡಲು ಹೊರಟ ಹುಡುಗ ಹುಡುಗಿಯರು ಸ್ಟುಡಿಯೊಗೆ ಹೋಗುವ ಮೊದಲು ದುಡಿಯವರ ಪಕ್ಕದಲ್ಲಿ ಕೂತು ಕಲಿಯಲಿ, ಧ್ವನಿಮುದ್ರಣದಲ್ಲಿ ಅವರ ಹೆಸರನ್ನೂ ಹಾಕಲಿ, ಸಂಭಾವನೆಯನ್ನೂ ಕೊಡಲಿ. ಆಮೇಲೆ ಗಿಟಾರ್ ಬೇಕೋ, ಕಾಂಗಾ ಬೇಕೋ, ಆ ಹುಡುಗ ಹುಡುಗಿಯರೇ ತೀರ್ಮಾನಿಸಲಿ.