ನಿಂತೇ ಪಾಠ ಮಾಡಬೇಕೆ?

ಪಾಠ ವೀಕ್ಷಣೆಯ ಪುಸ್ತಕಗಳಲ್ಲಿ ನಾನು ವರ್ಷಗಟ್ಟಲೆ ಬರೆಯುತ್ತಾ ಬಂದ ಒಂದು ಮಾತನ್ನು ಈಗ ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ: ‘ಪಾಠದ ನಡುವೆ ಕುಳಿತುಕೊಂಡರು, ತಿದ್ದಿಕೊಳ್ಳಬೇಕು.’ ಈ ಟಿಪ್ಪಣಿ ಪಡೆದವರಲ್ಲಿ ಒಬ್ಬ ಪ್ರಶಿಕ್ಷಣಾರ್ಥಿ ಆಗ ಆರು ತಿಂಗಳ ಗರ್ಭಿಣಿ. ಮಕ್ಕಳು ಲೆಕ್ಕ ಬಿಡಿಸುತ್ತಿದ್ದಾಗ ಐದು ನಿಮಿಷ ಕುಳಿತಿದ್ದರು. ನಾನು ಅಂಕ ಕಳೆದೆ. ಅವರು ಏನೂ ಹೇಳಲಿಲ್ಲ. ಮರುದಿನದಿಂದ ಕುಳಿತುಕೊಳ್ಳಲೂ ಇಲ್ಲ.

ಕಳೆದ ವರ್ಷ ನನ್ನ ಎಡಗಾಲಿನ ಗಿಣ್ಣಿನ ಸುತ್ತ ಚರ್ಮ ಕಪ್ಪಾಗಿ ತುರಿಕೆ ಶುರುವಾಯಿತು. ಮೀನಖಂಡದ ಮೇಲೆ ನೀಲಿ ನರಗಳು ಉಬ್ಬಿ ಹತ್ತು ವರ್ಷವಾಗಿತ್ತು. ಸಂಜೆಯ ಕಾಲುನೋವು ಮೇಷ್ಟ್ರ ವೃತ್ತಿಯ ಭಾಗವೆಂದೇ ನಂಬಿದ್ದೆ. ವೈದ್ಯರು ಡಾಪ್ಲರ್ ಸ್ಕ್ಯಾನ್ ಮಾಡಿಸಿ ವೆರಿಕೋಸ್ ವೇನ್ಸ್ ಎಂದರು.

ನಾವು ನರ ಎಂದು ಕರೆಯುವ ಇವು ನಿಜವಾಗಿ ಅಭಿಧಮನಿಗಳು. ಕಾಲಿನ ರಕ್ತ ಇವುಗಳ ಮೂಲಕ ಮೇಲೇರಿ ಹೃದಯ ಸೇರಬೇಕು. ಮೀನಖಂಡದ ಸ್ನಾಯು ಅದನ್ನು ಪಂಪಿನಂತೆ ಮೇಲಕ್ಕೆ ಒತ್ತುತ್ತದೆ, ಒಳಗಿನ ಕವಾಟಗಳು ಕೆಳಗಿಳಿಯದಂತೆ ತಡೆಯುತ್ತವೆ. ಅಲ್ಲಾಡದೆ ನಿಂತಾಗ ಗಿಣ್ಣಿನ ಬಳಿಯ ಅಭಿಧಮನಿಯಲ್ಲಿ ಒತ್ತಡ ಸುಮಾರು 80ರಿಂದ 90 ಮಿ.ಮೀ. ಪಾದರಸದಷ್ಟಿರುತ್ತದೆ. ಕವಾಟ ಸರಿಯಿದ್ದವರು ನಡೆಯತೊಡಗಿದರೆ ಅದು 30ಕ್ಕಿಂತ ಕೆಳಗಿಳಿಯುತ್ತದೆ. ಕವಾಟ ಸೋತರೆ ರಕ್ತ ಹಿಂದಕ್ಕೆ ಜಾರಿ ನಿಲ್ಲುತ್ತದೆ. ನಿಲ್ಲುವುದೊಂದೇ ಇದಕ್ಕೆ ಕಾರಣವಲ್ಲ. ವಂಶ, ವಯಸ್ಸು, ಗರ್ಭಧಾರಣೆ, ದೇಹದ ತೂಕ ಎಲ್ಲವೂ ಸೇರುತ್ತವೆ. ಆದರೆ ದಿನವಿಡೀ ನಿಲ್ಲುವ ಕೆಲಸ ತೊಂದರೆಯನ್ನು ಹೆಚ್ಚಿಸುತ್ತದೆ.

ಚಿಕಿತ್ಸೆಗಳು ಹಲವಾರಿವೆ. ಒತ್ತುವ ಕಾಲುಚೀಲ ನೋವು, ಊತ ಕಡಿಮೆ ಮಾಡುತ್ತದೆ, ಕೆಟ್ಟ ಕವಾಟವನ್ನು ಸರಿಪಡಿಸುವುದಿಲ್ಲ. ಅಪಧಮನಿಯ ರಕ್ತ ಸಂಚಾರ ಕುಂಠಿತವಾಗಿದ್ದರೆ ಅದರಿಂದ ಹಾನಿಯೂ ಆಗಬಹುದು. ಆದ್ದರಿಂದ ಪರೀಕ್ಷೆ ಮಾಡಿಸದೆ ಅಂಗಡಿಯಿಂದ ತಂದು ಹಾಕಿಕೊಳ್ಳಬಾರದು. ಲೇಸರ್ ಅಥವಾ ರೇಡಿಯೋ ತರಂಗದ ಶಾಖದಿಂದ ಕೆಟ್ಟ ನಾಳವನ್ನು ಒಳಗಿನಿಂದಲೇ ಮುಚ್ಚಬಹುದು. ಸಾಮಾನ್ಯವಾಗಿ ಆ ಭಾಗಕ್ಕಷ್ಟೇ ಮರಗಟ್ಟುವ ಚುಚ್ಚುಮದ್ದು ಸಾಕು, ಅಂದೇ ನಡೆದು ಮನೆಗೆ ಹೋಗಬಹುದು. ನೊರೆಯಂಥ ಔಷಧ ಚುಚ್ಚಿ ಮುಚ್ಚುವುದು ಇನ್ನೊಂದು ದಾರಿ. ನಾಳವನ್ನು ಕೊಯ್ದು ಎಳೆದು ತೆಗೆಯುವುದು ಹಳೆಯ ಶಸ್ತ್ರಚಿಕಿತ್ಸೆ. ಬ್ರಿಟನ್ನಿನ ನೈಸ್ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಶಾಖದ ವಿಧಾನವನ್ನು ಮೊದಲು, ನೊರೆಯನ್ನು ಆಮೇಲೆ, ಶಸ್ತ್ರಚಿಕಿತ್ಸೆಯನ್ನು ಮೂರನೆಯದಾಗಿ ಇಟ್ಟಿತು. ಇವು ಯಾವುವೂ ಹೊಂದದವರಿಗೆ ಕಾಲುಚೀಲ.

ನನಗೆ ಲೇಸರ್ ಆಯಿತು, ನೋವು ಇಳಿಯಿತು. ಆದರೆ ಯಾವ ಚಿಕಿತ್ಸೆಯ ನಂತರವೂ ಬೇರೆ ನಾಳಗಳಲ್ಲಿ ತೊಂದರೆ ಮರಳಬಹುದು ಎಂದು ವೈದ್ಯರು ಹೇಳಿದರು. ಬಳಿಕ ನನ್ನ ವೃತ್ತಿ ಕೇಳಿದರು. ಆಗ ನನಗೆ ನೆನಪಾದದ್ದು ಆ ಪ್ರಶಿಕ್ಷಣಾರ್ಥಿಯ ಮುಖ.

ಕುಳಿತ ಶಿಕ್ಷಕರ ತರಗತಿ ಹಿಡಿತ ತಪ್ಪುತ್ತದೆ ಎಂದು ಸಹೋದ್ಯೋಗಿಗಳು ವಾದಿಸುತ್ತಾರೆ. ಅವಧಿಯಿಡೀ ಕುರ್ಚಿ ಬಿಡದವರ ವಿಷಯದಲ್ಲಿ ಅದು ನಿಜ. ಆದರೆ ನಲವತ್ತು ನಿಮಿಷ ಕರಿಹಲಗೆಯ ಪಕ್ಕ ಕಂಬದಂತೆ ನಿಂತವರಿಗೆ ನಾವು ಪೂರ್ಣ ಅಂಕ ಕೊಡುತ್ತೇವೆ. ಅಲ್ಲಿ ಕಾಲಿಗೂ ಲಾಭವಿಲ್ಲ, ಹಿಂದಿನ ಬೆಂಚಿನ ಮಗುವಿಗೂ ಲಾಭವಿಲ್ಲ. ಸಾಲುಗಳ ನಡುವೆ ಓಡಾಡುವುದು, ಗುಂಪು ಕೆಲಸದಲ್ಲಿ ಮಕ್ಕಳ ಪಕ್ಕ ಕುಳಿತು ಅವರ ಪುಸ್ತಕ ನೋಡುವುದು ಎರಡಕ್ಕೂ ಒಳ್ಳೆಯದು. ಅಂಗಡಿ ಕೆಲಸಗಾರರಿಗೆ ಕುಳಿತುಕೊಳ್ಳುವ ಅವಕಾಶವಿರಲೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಿದವು. ನಮಗೆ ಕಾನೂನೇ ಬೇಕಿಲ್ಲ, ವೀಕ್ಷಣಾ ನಮೂನೆಯ ಒಂದು ಸಾಲು ಬದಲಾದರೆ ಸಾಕು.

ನನ್ನ ಸಲಹೆ ಮೂರು. ‘ನಿಂತು ಬೋಧಿಸಿದರೆ?’ ಎಂಬುದರ ಬದಲು ‘ಮಕ್ಕಳಿಗೆ ಬೇಕಾದ ಕಡೆ ಇದ್ದರೆ?’ ಎಂದು ಕೇಳೋಣ. ಅಭ್ಯಾಸ ಬೋಧನೆಯ ಪ್ರತಿ ತರಗತಿಯಲ್ಲೂ ಒಂದು ಸ್ಟೂಲ್ ಇರಲಿ. ಕುಳಿತದ್ದನ್ನು ಕೊರತೆಯೆಂದು ಬರೆಯುವ ಮುನ್ನ ಏಕೆಂದು ಒಮ್ಮೆ ವಿಚಾರಿಸೋಣ.

ಪ್ರಶಿಕ್ಷಣಾರ್ಥಿಗಳಿಗೂ ಒಂದು ಮಾತು. ಬರೆಯುವಾಗ ಆಗಾಗ ಹಿಮ್ಮಡಿ ಎತ್ತಿ ಇಳಿಸಿ, ಬಿಡುವಿನಲ್ಲಿ ನಡೆದಾಡಿ. ಗಿಣ್ಣಿನ ಬಳಿ ಚರ್ಮ ಕಪ್ಪಾದರೆ, ಹುಣ್ಣಾದರೆ ನನ್ನಂತೆ ತಡಮಾಡಬೇಡಿ. ಉಬ್ಬಿದ ನಾಳದಿಂದ ರಕ್ತ ಸುರಿದರೆ ಮಲಗಿ, ಕಾಲೆತ್ತಿ, ಆ ಜಾಗವನ್ನು ಒತ್ತಿ ಹಿಡಿದು ಆಸ್ಪತ್ರೆಗೆ ಹೋಗಿ. ಒಂದೇ ಕಾಲು ಹಠಾತ್ತನೆ ಊದಿ ನೋಯತೊಡಗಿದರೆ ಅದೇ ದಿನ ವೈದ್ಯರನ್ನು ಕಾಣಿ.

ಈ ಸಲದ ವೀಕ್ಷಣೆಗೆ ಹೋದಾಗ ತರಗತಿಯ ಹಿಂದಿನ ಕುರ್ಚಿಯಲ್ಲಿ ಕುಳಿತೇ ನಾನು ಪಾಠ ನೋಡಿದೆ. ಇಷ್ಟು ವರ್ಷ ಹಾಗೆಯೇ ನೋಡಿದ್ದೆ, ಅದೇಕೋ ಗಮನಕ್ಕೆ ಬಂದಿರಲಿಲ್ಲ.